ಸುಮ್ಮನಿದ್ದರೆ ಒಪ್ಪಿದ ಹಾಗೆಯೇ?

ನನ್ನ ತಂಗಿ ಸರೋಜಾ ಮನೆಯಲ್ಲಿ ನನ್ನನ್ನು ‘ಅಣ್ಣ’ ಅನ್ನುತ್ತಾಳೆ, ಕಾಲೇಜಿನಲ್ಲಿ ‘ಸರ್’ ಅನ್ನುತ್ತಾಳೆ. ಬಿ.ಎ. ಕೊನೆಯ ವರ್ಷ. ರಾಜ್ಯಶಾಸ್ತ್ರ ನನ್ನದೇ ಕ್ಲಾಸು. ಕ್ಲಾಸಿನಲ್ಲಿ ಇಷ್ಟು ದಿನ ಬಾಯಿ ತೆರೆದವಳಲ್ಲ. ಹೋದ ಶುಕ್ರವಾರ ಎದ್ದು ನಿಂತು ಪ್ರಶ್ನೆ ಕೇಳಿದಳು.

(ಈ ವಿಷಯ ಪೇಪರಿನಲ್ಲಿ ಬರೆಯಲೇ ಎಂದು ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬದಲಿಸು ಅಂದಳು. ಬದಲಿಸಿದ್ದೇನೆ. ಆದರೂ ರಾಯಚೂರಿನಲ್ಲಿ ಯಾರಿಗೂ ಗೊತ್ತಾಗದೆ ಇರುತ್ತದೆಯೇ?)

ಅವತ್ತಿನ ಪಾಠ ಯುರೋಪಿನ ತತ್ವಜ್ಞಾನಿಗಳದು. ಇನ್ನೂರು ಮುನ್ನೂರು ವರ್ಷಗಳ ಹಿಂದೆ ಅಲ್ಲಿ ಕೆಲವರು ಒಂದು ಸರಳ ಪ್ರಶ್ನೆ ಹಾಕಿಕೊಂಡರು. ರಾಜ ಯಾಕೆ ರಾಜ? ದೇವರೇ ಕಳಿಸಿದ ಅನ್ನುತ್ತಾರೆ. ಹಾಗಂತ ಹೇಳಿದವರು ಯಾರು? ರಾಜ ಮತ್ತು ಅವನ ಅನ್ನ ಉಂಡವರು. ಇದು ಬುದ್ಧಿಗೆ ಒಪ್ಪುವ ಮಾತೇ? ನಂಬಿಕೆ ಪಕ್ಕಕ್ಕಿಟ್ಟು, ವಿಚಾರ ಮಾಡಿ ನೋಡಿದರು. ಇಂಗ್ಲೆಂಡಿನವನೊಬ್ಬ ಒಂದು ವಾದ ಮುಂದಿಟ್ಟ. ಮನುಷ್ಯನಿಗೆ ಹುಟ್ಟಿನಿಂದಲೇ ಹಕ್ಕುಗಳಿವೆ, ಸರ್ಕಾರ ಇರುವುದು ಅವನ್ನು ಕಾಯಲಿಕ್ಕೆ, ಜನರ ಒಪ್ಪಿಗೆ ಇಲ್ಲದವನಿಗೆ ಆಳುವ ಅಧಿಕಾರವಿಲ್ಲ ಎಂದ. ಫ್ರಾನ್ಸಿನವನೊಬ್ಬ ಇನ್ನೂ ಹುಷಾರು. ಕಾನೂನು ಮಾಡುವವನು, ಜಾರಿ ಮಾಡುವವನು, ನ್ಯಾಯ ಹೇಳುವವನು ಮೂವರೂ ಒಬ್ಬನೇ ಆದರೆ ಜನ ಕೆಟ್ಟರು ಎಂದ. (ಎಮರ್ಜೆನ್ಸಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕೆ?)

ಆಗ ಸರೋಜಾ ಎದ್ದಳು.

“ಸರ್, ಒಪ್ಪಿಗಿ ಅಂದ್ರಿ. ಬಾಯಿಬಿಟ್ಟು ಒಪ್ಪಿದೋರು ಎಷ್ಟು ಮಂದಿ ಇರ್ತಾರ್ರಿ? ಸುಮ್ಮ ಕುಂತೋರು ಒಪ್ಪಿದಂಗ ಏನ್ರಿ?”

ಒಳ್ಳೆಯ ಪ್ರಶ್ನೆ. ಆ ಇಂಗ್ಲೆಂಡಿನವನನ್ನೂ ಇದು ಕಾಡಿತ್ತು. ಒಂದು ರಾಜ್ಯದ ರಸ್ತೆಯಲ್ಲಿ ಓಡಾಡುವವನು, ಅದರ ಆಸರೆಯಲ್ಲಿ ಬದುಕುವವನು ಬಾಯಿ ಬಿಡದೆಯೇ ಒಪ್ಪಿದಂತೆ ಎಂದು ಅವನ ಸಮಾಧಾನ. ನಮ್ಮಲ್ಲಿಯೂ ‘ಮೌನಂ ಸಮ್ಮತಿ ಲಕ್ಷಣಂ’ ಅನ್ನುತ್ತಾರಲ್ಲ, ಹಾಗೆ ಎಂದೆ.

“ಅಂಜಿ ಸುಮ್ಮ ಕುಂತಿದ್ರರಿ?”

“ಅಂಜಿಕೆಯಿಂದ ಬಂದ ಒಪ್ಪಿಗೆ ಒಪ್ಪಿಗೆಯೇ ಅಲ್ಲ” ಎಂದೆ, ಬಹಳ ಠೀವಿಯಿಂದ. ಸರೋಜಾ ತಲೆಯಾಡಿಸಿ ಕೂತಳು. ಪರೀಕ್ಷೆಗೆ ಚೆನ್ನಾಗಿ ಓದುತ್ತಿದ್ದಾಳೆ ಅಂದುಕೊಂಡೆ.

ಭಾನುವಾರ ಗೊತ್ತಾಯಿತು, ಅದು ಪರೀಕ್ಷೆಯ ತಯಾರಿಯಲ್ಲ ಅಂತ.

ಮಾನ್ವಿಯಲ್ಲಿ ಕೆಲಸದಲ್ಲಿರುವ ನಮ್ಮ ಸೋದರಮಾವ ಮಲ್ಲಪ್ಪ ಅವಳಿಗೊಂದು ಸಂಬಂಧ ತಂದಿದ್ದ. ದೇವದುರ್ಗದ ಹುಡುಗ, ಪ್ರೈಮರಿ ಶಾಲೆ ಮಾಸ್ತರ. ಅಪ್ಪ ಮೊದಲ ಮಾತಿಗೇ ಹೂಂ ಅಂದಿದ್ದ. ಭಾನುವಾರ ಮಾತು ಮುಗಿಸಲು ಹುಡುಗನ ತಂದೆ ಇಬ್ಬರು ಹಿರಿಯರೊಡನೆ ಬಂದರು. ಅವ್ವ ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ಮಾಡಿದ್ದಳು. ಬುದ್ಧನ ಫೋಟೋದ ಮುಂದೆ ಸಾದಾ ಮದುವೆ, ಮಾರ್ಚಿನಲ್ಲಿ, ಅಂತ ಆಯಿತು.

“ಏಪ್ರಿಲ್‌ನಾಗ ಆಕಿ ಪರೀಕ್ಷಾ ಅದಾವಲ್ರಿ” ಎಂದೆ ನಾನು.

“ಓದಿದ್ದು ಬೇಕಾದಷ್ಟಾತಲ್ರಿ ಮಾಸ್ತರ” ಎಂದರು ಹುಡುಗನ ತಂದೆ. ಆಮೇಲೆ ಕೇಳಬೇಕಲ್ಲ ಅಂತ ಒಂದು ಮಾತು ಕೇಳಿದರು. “ಹುಡುಗಿದೂ ಒಪ್ಪಿಗಿ ಅದಲ್ರಿ?”

“ಆಕಿನ್ನ ಏನು ಕೇಳಾದದ್ರಿ? ಸುಮ್ಮ ಅದಾಳಂದ್ರ ಒಪ್ಯಾಳಂತನ” ಎಂದ ಮಲ್ಲಪ್ಪ ಮಾವ.

ಸರೋಜಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. “ನಾ ಸುಮ್ಮ ಇಲ್ಲ, ಮಾವ. ನನಗ ಈ ಮದುವಿ ಬ್ಯಾಡ. ಪರೀಕ್ಷಾ ಬರೀತೀನಿ, ಆಮ್ಯಾಲ ಬಿ.ಎಡ್. ಮಾಡ್ತೀನಿ. ಆ ಹುಡುಗನ ಮಾರಿ ಸೈತ ನಾ ನೋಡಿಲ್ಲ.”

ದೇವದುರ್ಗದವರು ಸಭ್ಯರು. ಚಹಾ ಕುಡಿದು ಮುಗಿಸಿ, “ಮನಿಯಾಗ ಮಾತಾಡಿ ಹೇಳಿ ಕಳಸ್ರಿ” ಎಂದು ಎದ್ದರು. ಅವರು ಓಣಿಯ ತಿರುವು ದಾಟುವವರೆಗೆ ಅಪ್ಪ ಬಾಗಿಲಲ್ಲೇ ನಿಂತಿದ್ದ. ಆಮೇಲೆ ಒಳಗೆ ಬಂದು ನನ್ನನ್ನು ಹಿಡಿದುಕೊಂಡ.

“ಕಾಲೇಜಿನಾಗ ಇದನ್ನೇ ಏನು ನೀ ಕಲಸಾದು?”

“ಯಪ್ಪಾ, ಅದು ಸರ್ಕಾರದ ಪಾಠ. ಮನಿದಲ್ಲ.”

“ಸರ್ಕಾರಕ್ಕ ಒಂದು, ಮನಿಗಿ ಒಂದು ಇರ್ತದೇನಣ್ಣ?” ಎಂದಳು ಸರೋಜಾ.

ನಮ್ಮ ಮನೆಯಲ್ಲಿ ಕಾನೂನು ಮಾಡುವವನು ಅಪ್ಪ, ಜಾರಿ ಮಾಡುವವನು ಅಪ್ಪ, ನ್ಯಾಯ ಹೇಳುವವನೂ ಅಪ್ಪ. ಆ ತತ್ವಜ್ಞಾನಿಗಳ ಮನೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. ಹುಟ್ಟಿನಿಂದ ಎಲ್ಲರೂ ಸಮ ಎಂದು ಬರೆದವರಲ್ಲಿ ಬಹಳ ಮಂದಿ ತಮ್ಮ ಹೆಂಡತಿ, ಮಗಳನ್ನು ಆ ‘ಎಲ್ಲರೂ’ ಒಳಗೆ ಸೇರಿಸಲೇ ಇಲ್ಲ. ಅವರ ಕಾಲದಲ್ಲಿಯೇ ಕೆಲವು ಹೆಂಗಸರು ಎದ್ದು, ನಮಗೆ ಬುದ್ಧಿ ಇಲ್ಲವೇ, ನಮಗೇಕಿಲ್ಲ ಈ ಹಕ್ಕು ಎಂದು ಕೇಳಿದರು. ಇದೂ ಪಾಠದಲ್ಲಿದೆ. ನಾವು ಮೇಷ್ಟ್ರುಗಳು ಅದನ್ನು ಎರಡು ಸಾಲಿನಲ್ಲಿ ಮುಗಿಸುತ್ತೇವೆ.

ಅಷ್ಟರಲ್ಲಿ ಮಲ್ಲಪ್ಪ ಮಾವ ಸರೋಜಾಳ ಮೇಲೆ ಸಿಟ್ಟಾದ. “ಹಿರೇರ ಮಾತು ಮೀರಾದು ನಮ್ಮ ಮನಿತನದಾಗ ಅದ ಏನು? ನಿಮ್ಮಪ್ಪ ಯಾವತ್ತರ ಮೀರ್ಯಾನೇನು?”

“ಮೀರ್ಯಾರ” ಎಂದಳು ಅವ್ವ.

ಅವ್ವ ಹೆಚ್ಚು ಮಾತಿನವಳಲ್ಲ. ಎಲ್ಲರೂ ಅವಳತ್ತ ತಿರುಗಿದೆವು.

ನಿಜಾಮರ ಕಾಲದಲ್ಲಿ ನಮ್ಮ ಹಿರಿಯರು ಊರಿನ ದೊಡ್ಡ ಮನೆಗೆ ಬಿಟ್ಟಿ ಚಾಕರಿ ಮಾಡುತ್ತಿದ್ದರು. ಕೂಲಿ ಇಲ್ಲ, ಕೇಳುವ ಹಾಗೂ ಇಲ್ಲ. ಮುತ್ತಜ್ಜ ಮಾಡಿದ, ಅಜ್ಜ ಮಾಡಿದ. ಅಪ್ಪನ ಪಾಳಿ ಬಂದಾಗ ಅವನು ಬರುವುದಿಲ್ಲ ಅಂದ. ಮನೆ ಸುಟ್ಟಾರು ಎಂದು ಅಜ್ಜ ಅಳುತ್ತ ಮಗನ ಕಾಲು ಹಿಡಿದ. ಅಪ್ಪ ಕೇಳಲಿಲ್ಲ. ನಡೆದುಕೊಂಡು ರಾಯಚೂರಿಗೆ ಬಂದ, ಹಮಾಲಿ ಮಾಡಿದ, ಮುಂದೆ ಕಚೇರಿಯೊಂದರಲ್ಲಿ ಜವಾನನಾದ. ನಾನಿವತ್ತು ಸೀಮೆಸುಣ್ಣ ಹಿಡಿದು ನಿಂತಿದ್ದರೆ ಅದರಿಂದ.

“‘ನನ್ನ ಕೇಳದ ನನ್ನ ಚಾಕ್ರಿಗಿ ಹೆಂಗ ಬರದು ಕೊಟ್ಟೀರಿ’ ಅಂತ ನಿಮ್ಮಪ್ಪಾರಿಗೆ ನೀವ ಕೇಳಿದ್ರಿ” ಎಂದಳು ಅವ್ವ, ಅಪ್ಪನಿಗೆ. “ಮಕ್ಕಳ ಮುಂದ ಅದನ್ನ ಎಷ್ಟು ಸಲ ಹೇಳೀರಿ. ಅದೇ ಮಾತು ಮಗಳು ಅಂದ್ರ ಮಾನ ಹೋತೇನು?”

ಅಪ್ಪ ಟವೆಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ರಾತ್ರಿ ಊಟದ ಹೊತ್ತಿಗೆ ತಿರುಗಿ ಬಂದ.

ಯುರೋಪಿನವರು ಹಕ್ಕನ್ನು ಕಂಡುಹಿಡಿದರು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರು ಅದಕ್ಕೊಂದು ವಾದ ಕಟ್ಟಿಕೊಟ್ಟರು. ಇವತ್ತು ನಿನಗೆ, ನಾಳೆ ನನಗೆ, ಯಾರಿಗೆ ಹಚ್ಚಿದರೂ ನಿಲ್ಲುವಂಥ ವಾದ. ಅದೇ ಅದರ ಬಲ, ಅದೇ ಅದರ ತೊಂದರೆ. ತಾನು ಅಜ್ಜನ ಎದುರು ನಿಂತು ಹೇಳಿದ ಮಾತೇ ಮಗಳ ಬಾಯಿಂದ ಬಂದಾಗ ಅಪ್ಪನಿಗೆ ಬೇರೆಯೇ ಕೇಳಿಸುತ್ತದೆ. ಅಧಿಕಾರ ತನ್ನ ಕೈಗೆ ಬಂದ ಮೇಲೆ ಯಾರಿಗೆ ತಾನೇ ಪ್ರಶ್ನೆ ರುಚಿಸುತ್ತದೆ?

ಮರುದಿನ ಬೆಳಿಗ್ಗೆ ಅಪ್ಪ ಒಗೆದ ಧೋತರ ಉಟ್ಟುಕೊಂಡು ನನ್ನ ಹತ್ತಿರ ಬಂದ. “ದೇವದುರ್ಗಕ್ಕ ಹೋಗಿ ಬರ್ತೀನಿ. ಆಕಿಗಿ ಓದಕೊಳಾಕ ಹೇಳು.”

ಏನು ಹೇಳಲು ಹೋಗುತ್ತಿದ್ದಾನೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನಾನು ಕಾಲೇಜಿಗೆ ಹೋದೆ. ಸರೋಜಾ ಬರಲಿಲ್ಲ. ಬೆಳಗಿನಿಂದ ಪುಸ್ತಕದ ಒಂದೇ ಪುಟ ತೆರೆದು ಕೂತಿದ್ದಾಳೆಂದು ಸಂಜೆ ಅವ್ವ ಹೇಳಿದಳು.

ಬರುವ ದಾರಿಯಲ್ಲಿ ಕಲ್ಮಲದ ಹತ್ತಿರ ಬಸ್ಸು ಕೆಟ್ಟು ಅಪ್ಪ ತಡವಾಗಿ ಬಂದ. ಮೈತುಂಬ ಧೂಳು. ಸರೋಜಾ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅಪ್ಪ ಕುಡಿದು, ಬಾಯಿ ಒರೆಸಿಕೊಂಡು ಅವಳಿಗೇ ಹೇಳಿದ.

“ಹುಡುಗಿ ಒಲ್ಲೆ ಅಂತಾಳಂತ ಹೇಳಿ ಬಂದೆ. ಬೈದ್ರು. ಬೈಲಿ.”

ಸರೋಜಾ ಅಲ್ಲೇ ಗೋಡೆಗೆ ಒರಗಿ ಕೂತು ಅತ್ತಳು. ಅಪ್ಪ ಅವಳನ್ನು ಸ್ವಲ್ಪ ಹೊತ್ತು ಅಳಲು ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿದ. ಮುಖದಲ್ಲಿ ನಗು ಬಂತೋ ಏನೋ.

“ಆ ಹುಡುಗ ಬಸ್‌ಸ್ಟ್ಯಾಂಡಿನ ತನಕ ನನ್ನ ಕಳಸಾಕ ಬಂದಿದ್ದ. ಯಾರೂ ಇಲ್ಲದ್ದು ನೋಡಿ ಕೈ ಮುಗದು, ‘ದೊಡ್ಡ ಉಪಕಾರ ಮಾಡಿದ್ರಿ’ ಅಂದ. ಅವನನ್ನೂ ಯಾರೂ ಕೇಳಿದ್ದಿಲ್ಲಂತ.”

ಹಾಗಾದರೆ ಆ ಮದುವೆಗೆ ಒಪ್ಪಿದ್ದವರಾದರೂ ಯಾರು?