ಒಂದು ಮಧ್ಯಾಹ್ನದ ತೈಲಕ್ಷೇತ್ರಾಧಿಪತಿ

ಹಸಿದು ಬಂದವನ ಊರು ಕೇಳುವ ಮೊದಲೇ ಬಟ್ಟಲು ತುಂಬುವವನು; ಉಪವಾಸದ ತಿಂಗಳಲ್ಲಿ ನಾಲಗೆಗೆ ಮುಟ್ಟಿಸದೆ ಪರಿಮಳದಿಂದಲೇ ಹದ ತಿಳಿಯುವವನು; ನಮಾಜಿಗೆ ಕರೆಯುವ ಬಾಂಗು ಕೇಳಿದೊಡನೆ ಸೌಟು ಕೆಳಗಿಟ್ಟು ಓಡುವವನು; ಮೂರು ದಶಕ ಬೆಂಕಿಯ ಮುಂದೆ ನಿಂತರೂ ಮಾತಿಗೆ ಬಿಸಿ ತಾಗಿಸಿಕೊಳ್ಳದವನು; ದಮ್ ಬಿರಿಯಾನಿಯ ಮುಚ್ಚಳದ ವಿಷಯವೊಂದನ್ನುಳಿದು ಮಿಕ್ಕೆಲ್ಲದರಲ್ಲೂ ಎದುರಿನವರಿಗೆ ಸಂತೋಷದಿಂದ ಸೋಲುವವನು; ಇಂತಹ ಗುಣಸಂಪನ್ನನು ಪಾಣೆಮಂಗಳೂರಿನ ಕೋಯ. ಸೌದಿ ಅರೇಬಿಯದಲ್ಲಿ, ಕೆಂಪು ಸಮುದ್ರದ ದಡದ ರಾಬಿಗ್‌ನಲ್ಲಿ, ತೈಲ ಶುದ್ಧೀಕರಣ ಸ್ಥಾವರದ ಕೆಲಸಗಾರರಿಗೆ ಅನ್ನವಿಕ್ಕುವ ಮೆಸ್ಸು ಅವನದು.

ಊರಿನಲ್ಲಿ ಬ್ಯಾರಿಗಳ ಮದುವೆಗೆ ಅಡುಗೆ ಮಾಡುತ್ತಿದ್ದ ಕಾಲದಿಂದಲೂ ಅವನಿಗೊಂದು ವ್ರತ. ಹೆಣ್ಣಿನ ಕಡೆಯವರು ಎಷ್ಟೇ ಹಸಿದಿರಲಿ, ಗಂಡಿನ ದಿಬ್ಬಣ ಬಂದು ಕೂರುವವರೆಗೆ ಬಿರಿಯಾನಿಯ ಮುಚ್ಚಳ ತೆರೆಯಲೊಲ್ಲ. ಒಂದೇ ಪಕ್ಷಕ್ಕೆ ತೆರೆದ ಪಾತ್ರೆಯಲ್ಲಿ ಬರಕತ್ತು, ಎಂದರೆ ದೇವರು ಕೊಡುವ ಸಮೃದ್ಧಿ, ನಿಲ್ಲದೆಂಬುದು ಅವನ ನಂಬಿಕೆ.

ಅವನ ಹೆಂಡತಿ ಶಮೀನಾಳ ತಮ್ಮ ಹಮ್ಮಾದ್ ವೆಲ್ಡರ್. ಅವನನ್ನು ಕಂಪನಿಯು ದಕ್ಷಿಣದ ಗಡಿಯಾಚೆ, ಯೆಮನ್‌ನ ಮರುಭೂಮಿಯ ತೈಲಕ್ಷೇತ್ರವೊಂದಕ್ಕೆ ಕಳುಹಿಸಿತ್ತು. ಅಲ್ಲಿ ಅಂತರ್ಯುದ್ಧ. ಮರಳಿಗಾಗಿ, ಮರಳಿನಡಿಯ ಎಣ್ಣೆಗಾಗಿ ಎರಡು ಸೇನೆಗಳು ದಂಡೆತ್ತಿ ಬಂದಿದ್ದವು. ಬೆಳಗ್ಗೆ ಒಂದರ ಬಾವುಟವೇರಿದರೆ ಸಂಜೆಗೆ ಇನ್ನೊಂದರದು. ಗೆದ್ದವರು ಶಿಬಿರಕ್ಕೆ ನುಗ್ಗಿ, ತಂತ್ರಜ್ಞರನ್ನೆಲ್ಲ ಒತ್ತೆಯಾಳುಗಳಾಗಿ ಲಾರಿಗೆ ಹತ್ತಿಸುತ್ತಿದ್ದಾಗ ಹಮ್ಮಾದ್ ಹೆದರಿ, ತಾನು ಅಡುಗೆಯವನೆಂದುಬಿಟ್ಟ. ಅವನಿಗೆ ಚಹಾ ಕಾಸಲೂ ಬರುತ್ತಿರಲಿಲ್ಲ. ದಳಪತಿಯು ವಿಜಯೋತ್ಸವಕ್ಕೆ ಬಿರಿಯಾನಿ ಬೇಕೆಂದು ಆಜ್ಞಾಪಿಸಿದ. ಸುಳ್ಳು ಬಯಲಾದರೆ ಹಮ್ಮಾದನಿಗೂ ಲಾರಿಯೇ ಗತಿ.

ಅಂದು ಬೆಳಗಿನಿಂದ ಕೋಯ ಫೋನಿನಲ್ಲೇ ಹಮ್ಮಾದನ ಕೈಯಿಂದ ಈರುಳ್ಳಿ ಹುರಿಸಿದ, ಮಾಂಸ ಬೇಯಿಸಿದ, ಅಕ್ಕಿ ಬಸಿಸಿದ. ಶಮೀನಾ ತುತ್ತು ಮುಟ್ಟದೆ ಪಕ್ಕದಲ್ಲಿ ಕುಳಿತಿದ್ದಳು.

“ಭಾವಾ, ಹಿಟ್ಟು ಮೆತ್ತಿ ಮುಚ್ಚಿ ಆಯ್ತು. ಮೇಲೆ ಕೆಂಡವೂ ಹಾಕಿದೆ. ಇನ್ನು ತೆಗೀಲಾ? ಬಂದೂಕು ಹಿಡ್ಕೊಂಡು ಸುತ್ತ ನಿಂತಿದ್ದಾರೆ ಇವರು.”

“ಎರಡೂ ಪಕ್ಷ ಕೂತಾಯ್ತಾ?”

“ಎಂತ ಪಕ್ಷ ಭಾವಾ! ಇಲ್ಲಿ ಮದುವೆ ಅಲ್ಲ, ಯುದ್ಧ!”

“ಯುದ್ಧಕ್ಕೂ ಎರಡು ಪಕ್ಷ ಬೇಕಲ್ಲ ಮಾರಾಯ? ಒಬ್ಬರೇ ಮಾಡ್ಲಿಕ್ಕೆ ಆಗ್ತದಾ? ಅವರೂ ಬಂದು ಕೂರದೆ ಮುಚ್ಚಳ ಮುಟ್ಟಬೇಡ.”

ಫೋನು ಕಡಿಯಿತು.

“ನೀವು ಈಗ ಅವನಿಗೆ ಎಂತ ಹೇಳಿದ್ರಿ?” ಎಂದಳು ಶಮೀನಾ.

ತಾನು ಏನು ಹೇಳಿದೆನೆಂಬುದು ಕೋಯನಿಗೆ ಆಗ ಹೊಳೆಯಿತು. ಕೈಯ ಸೌಟು ಜಾರಿ ಸಾರಿನಲ್ಲಿ ಮುಳುಗಿತು. ಮತ್ತೆ ಮತ್ತೆ ಕರೆಮಾಡಿದ. ಕೊನೆಗೆ ಕೇಳಿಸಿದ್ದು ದಳಪತಿಯ ದನಿ. ಅಡುಗೆಮನೆಯ ಅರಬಿ ಕೋಯನಿಗೆ ಧಾರಾಳವಾಗಿ ಬರುತ್ತಿತ್ತು.

“ಮುಚ್ಚಳ ಮುಟ್ಟಬಾರದೆಂದವನು ನೀನೋ?”

“ಅದು… ನಮ್ಮ ಕಡೆಯ ಪದ್ಧತಿ, ಶೇಖ್.”

“ಒಳ್ಳೆಯ ಪದ್ಧತಿ. ದಿಬ್ಬದಾಚೆಯ ಸೇನೆಯ ನಾಯಕ ನನ್ನ ಚಿಕ್ಕಮ್ಮನ ಮಗ. ಈ ಪರಿಮಳ ಅವನಿಗೂ ಬಡಿದಿರುತ್ತದೆ. ಕರೆಯದೆ ತಿಂದೆನೆಂದು ಗೊತ್ತಾದರೆ ನನ್ನ ತಾಯಿ ನನ್ನನ್ನು ಮನೆಗೆ ಸೇರಿಸುವುದಿಲ್ಲ. ಹೇಳಿಕಳುಹಿಸಿದ್ದೇನೆ.”

ದಿಬ್ಬದಾಚೆಯವರು ಬಂದರು, ಬಂದೂಕು ಬೆನ್ನಿಗೆ ಹಾಕಿಕೊಂಡು ಕುಳಿತರು. ಮುಚ್ಚಳ ತೆರೆಯಿತು. ಹಮ್ಮಾದ್ ಫೋನನ್ನು ಅಕ್ಕಿಮೂಟೆಯ ಮೇಲಿಟ್ಟಿದ್ದರಿಂದ, ಎರಡು ಸೇನೆಗಳು ಸದ್ದುಮಾಡಿ ಉಣ್ಣುವುದು ರಾಬಿಗ್‌ವರೆಗೂ ಕೇಳಿಸಿತು. ತಳ ಹಿಡಿದಿತ್ತಂತೆ, ಯಾರೂ ಆಡಿ ತೋರಿಸಲಿಲ್ಲ.

ಕೈ ತೊಳೆದ ಮೇಲೆ ಕಲಹ ಹುಟ್ಟಿತು. ಅಲ್ಲಿನ ರೂಢಿಯಂತೆ ಉಣಿಸಿದವನು ನೆಲದೊಡೆಯ, ಉಂಡವನು ಅತಿಥಿ. ಅತಿಥಿಯೆಂದು ಒಪ್ಪಿದರೆ ಎಣ್ಣೆ ಬಾವಿಗಳೂ ಹೋದಂತೆಯೇ.

“ಕರೆದವನು ನಾನು!” ಎಂದ ದಳಪತಿ.

“ಆಡುಗಳು ನನ್ನವು! ಮೊನ್ನೆ ನೀನು ಹಿಡಿದುಕೊಂಡು ಹೋದದ್ದು!” ಎಂದ ಚಿಕ್ಕಮ್ಮನ ಮಗ.

ಬಂದೂಕುಗಳು ಬೆನ್ನಿನಿಂದ ಇಳಿದವು. ನಡುವೆ ನಿಂತಿದ್ದ ಹಮ್ಮಾದ್ ಕಿರುಚಿದ: “ಉಣಿಸಿದ್ದು ನೀವಿಬ್ಬರೂ ಅಲ್ಲ! ಅಡುಗೆ ಮಾಡಿಸಿದ್ದೂ ಮುಚ್ಚಳ ತೆಗೆಸಿದ್ದೂ ರಾಬಿಗ್‌ನಲ್ಲಿರುವ ನನ್ನ ಭಾವ!”

ಇಬ್ಬರಿಗೂ ಇದು ಹಿಡಿಸಿತು. ಇದರಲ್ಲಿ ಯಾರೂ ಯಾರಿಗೂ ಬಾಗಬೇಕಾಗಿರಲಿಲ್ಲ. ಸಂಜೆಯ ನಮಾಜಿನವರೆಗೆ ಆ ತೈಲಕ್ಷೇತ್ರಕ್ಕೂ ಸುತ್ತಲಿನ ಮರಳಿಗೂ ಕೋಯನೇ ಒಡೆಯನೆಂದು ತೀರ್ಮಾನವಾಯಿತು.

“ಶೇಖ್ ಕೋಯ, ಅಪ್ಪಣೆಯೇನು?” ಎಂದು ದಳಪತಿ ಫೋನಿನಲ್ಲಿ ಕೇಳಿದ.

“ಹೊಟ್ಟೆ ತುಂಬಿತಾ? ಇನ್ನೂ ಸ್ವಲ್ಪ ಬಡಿಸಲಾ?” ಎಂದ ಕೋಯ, ಅಭ್ಯಾಸಬಲದಿಂದ.

ಶಮೀನಾ ಅವನ ತೋಳು ಜಿಗುಟಿದಳು. “ಬಡಿಸಿದ್ದು ಸಾಕು! ನನ್ನ ತಮ್ಮನನ್ನ ಗಡಿಗೆ ಮುಟ್ಟಿಸ್ಲಿಕ್ಕೆ ಹೇಳಿ! ಎಣ್ಣೆಬಾವಿ ಇಟ್ಕೊಂಡು ನೀವು ಎಂತ, ಹಪ್ಪಳ ಕಾಯಿಸ್ತೀರಾ?”

ಕೋಯ ಗಂಟಲು ಸರಿಪಡಿಸಿಕೊಂಡು ರಾಜಶಾಸನ ಹೊರಡಿಸಿದ: “ನನ್ನ ಮನೆಯಲ್ಲಿ ಯಾರೂ ಒತ್ತೆಯಾಳಾಗಿ ಇರುವುದು ಬೇಡ. ಹಮ್ಮಾದನನ್ನೂ ನೀವು ಲಾರಿಯಲ್ಲಿ ಒಯ್ದ ತಂತ್ರಜ್ಞರನ್ನೂ ಉಣಿಸಿ, ಗಡಿಗೆ ತಲುಪಿಸಿ.”

ಆಜ್ಞೆ ನಡೆಯಿತು. ಬೆಂಗಾವಲಿಗೆ ಎರಡೂ ಕಡೆಯ ವಾಹನಗಳು ಹೊರಟವು. ಒಂದು ಇನ್ನೊಂದರ ಹಿಂದೆ ಹೋಗಲೊಪ್ಪದೆ, ಮರಳಿನ ಮೇಲೆ ಜೋಡೆತ್ತುಗಳಂತೆ ಅಕ್ಕಪಕ್ಕದಲ್ಲೇ ಓಡಿದವು. ಸಂಜೆಯ ನಮಾಜು ಮುಗಿದದ್ದೇ ತಡ, ಕೋಯನ ರಾಜ್ಯವೂ ಮುಗಿದು, ದಿಬ್ಬದ ಇಬ್ಬದಿಯಲ್ಲಿ ಗುಂಡುಗಳು ಮೊದಲಿನಂತೆಯೇ ಹಾರಿದವು. ಅಷ್ಟರಲ್ಲಿ ಹಮ್ಮಾದ್ ಗಡಿಯ ಠಾಣೆಯ ಈಚೆ ಬದಿಯಲ್ಲಿ ಸೌದಿಯ ವಾಸದ ಪರವಾನಗಿಯಾದ ಇಕಾಮಾ ಕೈಯಲ್ಲಿ ಹಿಡಿದು ನಿಂತಿದ್ದ.

“ಅಕ್ಕಾ, ದಾಟಿದೆ,” ಎಂದ ಫೋನಿನಲ್ಲಿ.

ಬೆಳಗಿನಿಂದ ತುತ್ತು ಮುಟ್ಟದ ಶಮೀನಾ ಗಂಡನ ಮುಂದೆ ತಟ್ಟೆ ಹಿಡಿದಳು.

ಜಗಕ್ಕೆಲ್ಲ ಉಣಿಸುವ ಕರುಣಾಳುವು ಕೋಯನ ಒಲೆಯನ್ನು ಆರದಂತೆ ಕಾಯಲಿ. ಶಮೀನಾಳ ಕಣ್ಣು ಸಂತೋಷಕ್ಕಲ್ಲದೆ ಒದ್ದೆಯಾಗದಿರಲಿ. ಹಮ್ಮಾದನ ಹಾದಿಗೆ ನೆರಳಿರಲಿ. ಆ ಮನೆಯಲ್ಲಿ ಉಂಡವರಿಗೂ ಉಣ್ಣಲಿರುವವರಿಗೂ ಶಾಂತಿಯುಂಟಾಗಲಿ.