ಒಂದು ಬಾಕಿ ಇದ್ದು

ದೆವ್ವ, ಪೀಡೆ, ಸತ್ತವರು ಕೊಟ್ಟ ಸೂಚನೆ ಎಂಬ ಮಾತು ಬಂದರೆ ನಗುತ್ತಿದ್ದವರಲ್ಲಿ ನಾನೂ ಒಬ್ಬ. ಬರೀ ನಕ್ಕು ಸುಮ್ಮನಾಗುತ್ತಿರಲಿಲ್ಲ. ಹೇಳಿದವರನ್ನು ಹಿಡಿದು ಕೂರಿಸಿ, ಯಾವಾಗ ನೋಡಿದೆ, ದೀಪ ಇತ್ತೋ ಇಲ್ಲವೋ, ಜ್ವರ ಗಿರ ಇತ್ತೋ ಎಂದು ಪಾಟೀಸವಾಲು ಹಾಕಿ ಅವರು ತಬ್ಬಿಬ್ಬಾಗುವವರೆಗೂ ಬಿಡುತ್ತಿರಲಿಲ್ಲ. ಮಾಸ್ತರಿಕೆಯ ಬುದ್ಧಿ, ಎಲ್ಲಿ ಹೋಗುತ್ತದೆ! ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ಅದು ಯುದ್ಧದ ಕಾಲ. ನಾನು ಹೊನ್ನಾವರದಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದೆ. ಬಂದರಿಗೆ ಹೋಗುವ ಓಣಿಯಲ್ಲಿ ನಮ್ಮದೊಂದು ಸಣ್ಣ ಬಾಡಿಗೆ ಮನೆ. ಮನೆಯಲ್ಲಿ ಇಬ್ಬರೇ, ನಾನು ಮತ್ತು ನನ್ನ ಹೆಂಡತಿ ಮಾದೇವಿ. ನನಗೆ ಬರೆಯುವ ಹುಚ್ಚು. ಒಂದೆರಡು ಬರಹ ವಾರಪತ್ರಿಕೆಯಲ್ಲಿ ಅಚ್ಚಾಗಿದ್ದವು, ತಲೆ ತಿರುಗುವುದಕ್ಕೆ ಅಷ್ಟು ಸಾಕಾಗಿತ್ತು. ಆದರೆ ಕೂತು ಬರೆಯಲು ಮನೆಯಲ್ಲಿ ಜಾಗವಿರಲಿಲ್ಲ. ಅಕ್ಕಿ ಪೆಟ್ಟಿಗೆಯ ಮುಚ್ಚಳವೇ ನನ್ನ ಮೇಜು. ನನಗೆ ಒಳ್ಳೆಯ ವಾಕ್ಯ ಹೊಳೆಯುವ ಹೊತ್ತಿಗೇ ಮಾದೇವಿಗೆ ಅನ್ನಕ್ಕೆ ಅಕ್ಕಿ ಬೇಕಾಗುತ್ತಿತ್ತು. ಕಾಗದ, ಶಾಯಿಯ ದೌತಿ, ಬರೆಯುವ ಟಾಕು ಎಲ್ಲ ಎತ್ತಿಕೊಂಡು ನಾನು ಏಳಬೇಕು. ರಾತ್ರಿ ಬರೆಯೋಣವೆಂದರೆ ಚಿಮಣಿ ಎಣ್ಣೆ ಕಾರ್ಡಿನ ಮೇಲೆ ಸಿಗುತ್ತಿದ್ದ ಕಾಲ; ಊಟ ಮುಗಿಯುವುದರೊಳಗೆ ದೀಪ ಆರಿಸಬೇಕಿತ್ತು.

ಹೀಗಿರುವಾಗ ಒಂದು ಮೇಜು ಮಾಡಿಸುವುದೆಂದು ನಿಶ್ಚಯವಾಯಿತು. ಬಂದರಿನ ಹತ್ತಿರ ದೋಣಿ ಮಾಡುವ ಆಚಾರಿಯೊಬ್ಬನಿದ್ದ. ಒಡೆದ ಹಳೇ ಮಚವೆ ದೋಣಿಯ ಹಲಗೆ ಇದೆ, ಅದರಲ್ಲೇ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡ. ಮೇಜು ಬರುವ ಮೊದಲೇ ಅದನ್ನು ಎಲ್ಲಿ ಇಡಬೇಕೆಂದು ನಮ್ಮಿಬ್ಬರಿಗೂ ಚರ್ಚೆ ಶುರುವಾಯಿತು.

"ಹಿಂದಿನ ಕಿಟಕಿ ಹತ್ರ ಇಡಿ. ಅಲ್ಲಿ ಸಂಜೆವರೆಗೂ ಬೆಳಕು ಇದ್ದು. ಯಂಗೂ ಟಾಕಿನ ಸದ್ದು ಕೇಳ್ತು" ಎಂದಳು ಮಾದೇವಿ.

ಹಿಂದಿನ ಕಿಟಕಿಯೆಂದರೆ ಅಡಿಗೆಮನೆಗೆ ತಾಗಿದ್ದು; ಒಲೆಯ ಮುಂದೆ ಕೂತ ಅವಳಿಗೂ ನಾನು ಬರೆಯುವುದು ಕೇಳುತ್ತದೆ. ನನಗೋ, ಮೇಜನ್ನು ಜಗುಲಿಯಲ್ಲಿ ಇಟ್ಟುಕೊಂಡು ಓಣಿಯಲ್ಲಿ ಹೋಗಿಬರುವವರಿಗೆಲ್ಲ ಕಾಣುವ ಹಾಗೆ ಬರೆಯುವ ಆಸೆ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆಯಾಗಿ, ಅಡಿಗೆಮನೆ ಪಕ್ಕ ಕೂತರೆ ಬರಹಕ್ಕೆ ಒಗ್ಗರಣೆಯ ವಾಸನೆ ಬರುತ್ತದೆ ಎಂದೆ. "ಬರ್ಲಿ, ರುಚಿ ಆಗ್ತು" ಎಂದು ನಕ್ಕಳು.

ಮಾದೇವಿ ಕಲಿತದ್ದು ಎರಡನೇ ಇಯತ್ತೆಯವರೆಗೆ. ಮದುವೆಯಾದ ಮೇಲೆ ನಾನೇ ಪಾಟಿ ಕೊಟ್ಟು ಕೂರಿಸಿದೆ. ಜಾಣೆ, ಒಂದು ಮಳೆಗಾಲದಲ್ಲಿ ಪತ್ರಿಕೆ ಓದುವಷ್ಟಾದಳು. ಬರೆಯುವುದರಲ್ಲಿ ಮಾತ್ರ ಎರಡು ತೊಂದರೆ ಉಳಿದವು. ತಕಾರದ ಒತ್ತನ್ನು ಕೆಳಗೆ ಬಾಲದ ಹಾಗೆ ಉದ್ದ ಎಳೆಯುತ್ತಿದ್ದಳು. ಮತ್ತೆ, ಮನೆಯಲ್ಲಿ ಆಡುವ ಮಾತನ್ನೇ ಕಾಗದದ ಮೇಲೂ ಬರೆಯುತ್ತಿದ್ದಳು. ಬರುತ್ತೇನೆ ಎನ್ನುವಲ್ಲಿ ಬತ್ತೆ, ಇದೆ ಎನ್ನುವಲ್ಲಿ ಇದ್ದು. ನಾನು ತಿದ್ದಿದರೆ, "ಬಾಯಲ್ಲಿ ಎಲ್ಲಾ ಬತ್ತೆ ಹೇಳೇ ಹೇಳ್ತ. ಕಾಗ್ದಕ್ಕೆ ಎಂತಕ್ಕೆ ಬೇರೆ ಮಾತು?" ಎಂದು ಕೇಳುತ್ತಿದ್ದಳು. ಉತ್ತರವಿಲ್ಲದಾಗ ಮಾಸ್ತರರು ಮಾಡುವುದನ್ನೇ ನಾನೂ ಮಾಡುತ್ತಿದ್ದೆ, ಗದರಿಸಿ ಸುಮ್ಮನಾಗಿಸುತ್ತಿದ್ದೆ.

ಅವಳಿಗೆ ಏಳು ತಿಂಗಳಾದಾಗ ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಟಳು. ತವರು ಕುಮಟೆಯಿಂದ ಒಳಗೆ, ಗಾಡಿಯಲ್ಲಿ ಅರ್ಧ ದಿನದ ದಾರಿ. ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿಗೆ ಅವಳನ್ನೂ ಅವಳ ಅಣ್ಣನನ್ನೂ ಹತ್ತಿಸಿದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಬಗ್ಗಿ, "ಬತ್ತೆ" ಎಂದಳು. ನಮ್ಮವರು ಹೊರಡುವಾಗ ಹೋಗುತ್ತೇನೆ ಎನ್ನುವ ಕ್ರಮವಿಲ್ಲ. "ಆತು, ಹುಷಾರು" ಎಂದೆ ನಾನು. ಆಗ ಆ ಮಾತನ್ನು ತಿದ್ದಬೇಕೆಂದು ನನಗೆ ತೋರಲಿಲ್ಲ ನೋಡಿ.

ಮೂರು ವಾರ ಕಳೆದು ಅವಳ ಕಾಗದ ಬಂತು. ಅವಳು ತಾನಾಗಿ ಬರೆದ ಮೊದಲ ಕಾಗದ. ಅರ್ಧ ಹಾಳೆಯ ಒಂದೇ ಮಗ್ಗುಲಲ್ಲಿ ಹೀಗೆ ಬರೆದಿದ್ದಳು: "ಇಲ್ಲಿ ಎಲ್ಲ ಆರಾಮಿದ್ದು. ಆಯಿ ದಿನಾ ಕಷಾಯ ಕೊಡ್ತು. ಮೇಜು ಬಂತಾ? ಹಿಂದಿನ ಕಿಟಕಿ ಹತ್ರವೇ ಇಡಿ. ಎಲ್ಲ ಸುಸೂತ್ರ ಆದಮೇಲೆ ಬೇಗ ಬತ್ತೆ."

ಇನ್ನು ನಾನು ಮಾಡಿದ್ದನ್ನು ಹೇಳಬೇಕು. ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ. ಶಾಲೆಯ ಹುಡುಗರ ಬರವಣಿಗೆಯ ಪಟ್ಟಿಗಳನ್ನು ತಿದ್ದುತ್ತ ಕೂತಿದ್ದೆ, ಕೈಯಲ್ಲಿ ಕೆಂಪು ಶಾಯಿ ಇತ್ತು. ತಮಾಷೆ ಮಾಡೋಣವೆನ್ನಿಸಿತು. ಅವಳ ಕಾಗದವನ್ನೂ ಮುಂದಿಟ್ಟುಕೊಂಡು 'ಇದ್ದು' ಹೊಡೆದು 'ಇದೆ' ಮಾಡಿದೆ, 'ಕೊಡ್ತು' ಹೊಡೆದು 'ಕೊಡುತ್ತಾಳೆ' ಮಾಡಿದೆ, 'ಬತ್ತೆ'ಗೆ ಅಡ್ಡಗೀಟು ಎಳೆದು ಮೇಲೆ 'ಬರುತ್ತೇನೆ' ಎಂದು ಬರೆದೆ. ಹತ್ತಕ್ಕೆ ನಾಲ್ಕು ಅಂಕ ಹಾಕಿದೆ. ಕೆಳಗೆ, ಹುಡುಗರಿಗೆ ಬರೆಯುವ ಹಾಗೆಯೇ, "ಬರುತ್ತೇನೆ: ಹತ್ತು ಸಲ ಬರೆದು ತೋರಿಸುವುದು" ಎಂದು ಬರೆದು ಅದೇ ಹಾಳೆಯನ್ನು ಲಕೋಟೆಯಲ್ಲಿಟ್ಟು ತಿರುಗಿ ಕಳಿಸಿಬಿಟ್ಟೆ. ಬೇರೆ ಒಂದಕ್ಷರ ಬರೆಯಲಿಲ್ಲ. ಹೇಗಿದ್ದೀಯ ಎಂದು ಕೂಡ ಕೇಳಲಿಲ್ಲ. ಅವಳು ನಗುತ್ತಾಳೆ ಎಂದುಕೊಂಡಿದ್ದೆ.

ಕಾಗದಕ್ಕೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಮೇಜು ಬಂತು. ದೋಣಿಯ ಆಚಾರಿ ಜನ್ಮದಲ್ಲಿ ನೇರವಾದ ವಸ್ತು ಮಾಡಿದವನಲ್ಲ. ಒಂದು ಕಾಲು ಗಿಡ್ಡ, ಮೇಲಾಗಿ ಇಡೀ ಮೇಜಿಗೆ ಮೀನೆಣ್ಣೆಯ ವಾಸನೆ. ಜಗುಲಿಯಲ್ಲೇ ಇಟ್ಟೆ. ನಾಲ್ಕೇ ದಿನದಲ್ಲಿ ಸಾಕುಸಾಕಾಯಿತು. ಸಮುದ್ರದ ಗಾಳಿಗೆ ಕಾಗದಗಳು ಹಾರಿ ಓಣಿಗೆ ಬೀಳುತ್ತಿದ್ದವು. ದಾರಿಹೋಕರೆಲ್ಲ ಹತ್ತಿ ಬಂದು, "ಮಾಸ್ತ್ರೇ, ಹ್ಯಾಗೂ ಬರೀತಾ ಕೂತಿದ್ರಿ, ನಂದೊಂದು ಅರ್ಜಿ ಬರ್ದು ಕೊಡಿ" ಎನ್ನುತ್ತಿದ್ದರು. ಆ ವಾರ ಏಳು ಅರ್ಜಿ ಬರೆದೆ, ನನ್ನದೆಂದು ಒಂದು ಸಾಲಿಲ್ಲ.

ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಸೋಲೊಪ್ಪಿಕೊಂಡು ಮೇಜನ್ನು ಎಳೆದುಕೊಂಡು ಹೋಗಿ ಹಿಂದಿನ ಕಿಟಕಿಯ ಹತ್ತಿರ ಇಟ್ಟೆ. ಗಿಡ್ಡ ಕಾಲಿಗೆ ಹಂಚಿನ ಚೂರು ಕೊಟ್ಟೆ. ಶಾಯಿ ಹೀರುವ ಬ್ಲಾಟಿಂಗ್ ಕಾಗದ ಆಗ ಸಿಗುವುದೇ ಕಷ್ಟ. ಹಿಂದೆ ಕುಮಟೆಯ ಪೇಟೆಯಲ್ಲಿ ಕೊಂಡ ಒಂದು ಹೊಸ ಹಾಳೆಯನ್ನು ಜೋಪಾನವಾಗಿ ಇಟ್ಟಿದ್ದೆ. ಅದನ್ನು ಬಿಚ್ಚಿ, ಒಂದು ರಟ್ಟಿಗೆ ಅಂಟಿಸಿ, ಅಂಗೈಯಿಂದ ಸವರಿ ಮೇಜಿನ ಮೇಲೆ ಹಾಸಿದೆ. ಅದರ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು. ದೌತಿ, ಟಾಕು, ಬಿಳಿ ಹಾಳೆ ಎಲ್ಲ ಜೋಡಿಸಿಕೊಂಡು ಕೂತೆ. ಮಾದೇವಿ ಹೇಳಿದ್ದು ಸರಿಯಾಗಿತ್ತು. ಬೆಳಕು ಅಲ್ಲಿ ಬಹಳ ಹೊತ್ತು ಇತ್ತು.

ಆದರೆ ಬರೆಯಲು ಏನೂ ತೋಚಲಿಲ್ಲ. ಟಾಕನ್ನು ದೌತಿಯಲ್ಲಿ ಅದ್ದಲೂ ಇಲ್ಲ. ಕೆಂಪು ಶಾಯಿ ಹೊಡೆದ ಆ ಕಾಗದವೇ ಕಣ್ಣೆದುರು ಬರುತ್ತಿತ್ತು. ಛೇ, ಏನು ಮಾಡಿಬಿಟ್ಟೆ, ನಾಳೆಯೇ ಒಂದು ಒಳ್ಳೆಯ ಕಾಗದ ಬರೆಯಬೇಕು ಎಂದುಕೊಳ್ಳುತ್ತ ಸಂಜೆಯಾಯಿತು. ದೀಪ ಹಚ್ಚುವ ಹೊತ್ತಾಯಿತೆಂದು ಎದ್ದು ಬಾವಿಗೆ ಹೋಗಿ ಕೈಕಾಲು ತೊಳೆದು, ದೇವರ ದೀಪ ಹಚ್ಚಿ ಬಂದೆ. ಹೆಚ್ಚೆಂದರೆ ಒಂದು ಗಳಿಗೆ ಹಿಡಿದಿರಬಹುದು.

ಬಂದು ನೋಡಿದರೆ ಬ್ಲಾಟಿಂಗ್ ಕಾಗದದ ಮೇಲೆ ಶಾಯಿಯ ಗುರುತು. ಯಾರೋ ಒಂದು ಶಬ್ದ ಬರೆದು, ಹಸಿಯಿರುವಾಗಲೇ ಅದರ ಮೇಲೆ ಒತ್ತಿ ತೆಗೆದ ಹಾಗಿತ್ತು. ಅಕ್ಷರ ತಿರುವುಮುರುವು. ಮುಟ್ಟಿದರೆ ಬೆರಳಿಗೆ ಶಾಯಿ ಹತ್ತಿತು. ಪಕ್ಕದ ಬಿಳಿ ಹಾಳೆ ಖಾಲಿ, ಟಾಕು ಒಣಗಿದ್ದು ಒಣಗಿದ ಹಾಗೇ ಇತ್ತು. ಗೋಡೆಯಲ್ಲಿದ್ದ ಕ್ಷೌರದ ಕನ್ನಡಿ ತಂದು ಹಿಡಿದೆ. ಕನ್ನಡಿಯಲ್ಲಿ 'ಬರುತ್ತೇನೆ' ಎಂದಿತ್ತು. ತಕಾರದ ಒತ್ತು ಕೆಳಗೆ ಬಾಲದ ಹಾಗೆ ಉದ್ದಕ್ಕೆ ಎಳೆದಿತ್ತು.

ನನಗೆ ಹೆದರಿಕೆಯಾಗಲಿಲ್ಲ, ನಿಜ ಹೇಳುತ್ತೇನೆ. ಸಂತೋಷವಾಯಿತು. ಅವಳೇ ಬಂದಿದ್ದಾಳೆ, ಅಣ್ಣನ ಜೊತೆ ಹಿಂಬಾಗಿಲಿಂದ ಬಂದು ನನ್ನನ್ನು ಆಟ ಆಡಿಸುತ್ತಿದ್ದಾಳೆ ಎಂದೇ ಅನ್ನಿಸಿ, "ಮಾದೇವೀ!" ಎಂದು ಕೂಗಿದೆ. ಅಡಿಗೆಮನೆ ನೋಡಿದೆ, ಬಚ್ಚಲು ನೋಡಿದೆ. ಬೇಲಿಯಾಚೆ ದೀಪ ಹಿಡಿದು ತುಳಸಿಗೆ ಹೊರಟಿದ್ದ ಪಕ್ಕದ ಮನೆಯ ರುಕ್ಮಾಬಾಯಿ ನನ್ನ ಕೂಗು ಕೇಳಿ, "ಎಂತ ಮಾಸ್ತ್ರೇ, ಮಾದೇವಮ್ಮ ಬಂದ್ರಾ?" ಎಂದರು. ನನಗೆ ನಾಚಿಕೆಯಾಯಿತು. "ಇಲ್ಲ, ಸುಮ್ಮನೆ" ಎಂದು ಒಳಗೆ ಬಂದೆ. ನನ್ನ ತಲೆಯೇ ಕೆಟ್ಟಿರಬೇಕೆಂದು ಆ ರಟ್ಟನ್ನು ಮಗುಚಿಟ್ಟು ಮಲಗಿದೆ.

ಮರುದಿನ ಶಾಲೆಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಬಾಗಿಲಲ್ಲಿ ಮಾದೇವಿಯ ಅಣ್ಣ ಬಂದು ನಿಂತ. ಮೈಯೆಲ್ಲ ದಾರಿಯ ಧೂಳು. "ಭಾವ, ಹೊರಡಿ" ಎಂದ. ಹುಡುಗರ ಮುಂದೆಯೇ ಅವನ ತೋಳು ಹಿಡಿದು ಯಾವಾಗ ಎಂದು ಕೇಳಿದೆ. ಏನಾಯಿತೆಂದು ಕೇಳಬೇಕೆಂದು ನನಗೆ ಅನ್ನಿಸಲೇ ಇಲ್ಲ. "ನಿನ್ನೆ, ದೀಪ ಹಚ್ಚ ಹೊತ್ತಿಗೆ" ಎಂದ. ದಿನ ತುಂಬುವ ಮೊದಲೇ ನೋವು ಬಂದಿತ್ತು. ಮಗುವೂ ಉಳಿಯಲಿಲ್ಲ.

ಮುಂದಿನದನ್ನೆಲ್ಲ ಬರೆಯಲಾರೆ. ಹದಿಮೂರು ದಿನ ಅಲ್ಲೇ ಇದ್ದೆ. ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆ ನನ್ನನ್ನು ಒಳಗೆ ಕರೆದು ಕೂರಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಮಗಳ ವಿಷಯವಾಗಿ ಒಂದು ಮಾತು ಕೇಳಿದರು.

"ಅದು ಎಂತಾದ್ರೂ ಹರಕೆ ಹೊತ್ಕಂಡಿತ್ತಾ? ಕಡೀಗೆ ಅದೇ ಒಂದು ಮಾತು. ಒಂದು ಬಾಕಿ ಇದ್ದು, ಒಂದು ಬಾಕಿ ಇದ್ದು ಹೇಳಿ. ಯಾವ ದೇವರಿಗೆ ಹೇಳಿ ಯಂಗೆ ಗೊತ್ತಾಜಿಲ್ಲೆ."

ಪಾಪ, ಮಗಳ ಹರಕೆ ಬಾಕಿ ಉಳಿಯಬಾರದೆಂದು ಅವರು ಅಷ್ಟರಲ್ಲಿ ಮಗನ ಕೈಯಲ್ಲಿ ಗಣಪತಿಗೆ ಕಾಯಿ ಕಳಿಸಿದ್ದರು, ಊರ ಅಮ್ಮನಿಗೆ ಸೀರೆ ಕೊಟ್ಟಿದ್ದರು. ನನಗೂ ಯಾವ ಹರಕೆಯೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಆಮೇಲೆ ಅವಳ ಟ್ರಂಕನ್ನು ತಂದು ನನ್ನ ಮುಂದಿಟ್ಟರು.

ಎರಡು ಸೀರೆ, ಮಗುವಿಗೆಂದು ಹೊಲಿದ ಕುಲಾವಿ, ತಳದಲ್ಲಿ ಮಡಿಸಿಟ್ಟ ಅರ್ಧ ಹಾಳೆ. ನನ್ನ ಕೆಂಪು ಶಾಯಿಯ ಹಾಳೆ. ಅದರ ಹಿಂದುಗಡೆ ಒಂದರ ಕೆಳಗೆ ಒಂದು, ಮರದ ಪಟ್ಟಿ ಹಿಡಿದು ಗೀಟು ಎಳೆದುಕೊಂಡು, ಬರುತ್ತೇನೆ, ಬರುತ್ತೇನೆ ಎಂದು ಬರೆದಿದ್ದಳು. ಎಣಿಸಿದೆ. ಒಂಬತ್ತು. ಹತ್ತನೆಯ ಗೀಟು ಖಾಲಿಯಿತ್ತು. "ಆದಿತ್ಯವಾರ ಮಧ್ಯಾಹ್ನ ಅದನ್ನೇ ಬರಕತ್ತ ಕೂತಿತ್ತು. ನೋವು ಬಂತು ಹೇಳಿ ಆನೇ ಎಬ್ಬಿಸ್ದಿ" ಎಂದರು ಅತ್ತೆ. ನಾನು ಆ ಹಾಳೆಯನ್ನು ಹಿಡಿದುಕೊಂಡು ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟೆ. ಒಂದು ಬಾಕಿ ಎಂದರೆ ಯಾವ ಬಾಕಿ ಎಂದು ಆ ತಾಯಿಗೆ ಹೇಳುವ ಧೈರ್ಯ ನನಗೆ ಆಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅವರು ಹರಕೆಯೆಂದೇ ನಂಬಿಕೊಂಡು ತೀರಿಕೊಂಡರು.

ನೀವು ಕೇಳುವ ಪ್ರಶ್ನೆಗಳನ್ನೆಲ್ಲ ನಾನೇ ನನಗೆ ಕೇಳಿಕೊಂಡಿದ್ದೇನೆ. ಅವಳ ಅಕ್ಷರವನ್ನು ನೂರಾರು ಸಲ ತಿದ್ದಿದವನು ನಾನು, ಆ ಉದ್ದ ಬಾಲದ ಒತ್ತು ನನ್ನ ಕೈಗೂ ಬರುತ್ತದೆ. ಮನಸ್ಸಿನ ಕಳವಳದಲ್ಲಿ ನಾನೇ ಬರೆದು ಮರೆತಿರಬಹುದೇ? ಇರಬಹುದು. ಆದರೆ ಯಾವ ಕಾಗದದ ಮೇಲೆ ಬರೆದೆ? ಹಾಳೆ ಖಾಲಿಯಿತ್ತಲ್ಲ! ಟಾಕು ಒಣಗಿತ್ತಲ್ಲ! ಅಲ್ಲಿ ಒಂಬತ್ತಾಗಿದೆ, ಇನ್ನೊಂದೇ ಉಳಿದಿದೆ ಎಂದು ಇಪ್ಪತ್ತು ಮೈಲಿ ಆಚೆ ಕೂತಿದ್ದ ನನಗೆ ಹೇಗೆ ಗೊತ್ತಾಗಬೇಕು? ಇಲ್ಲಿಗೆ ಬಂದು ನನ್ನ ಪಾಟೀಸವಾಲು ನಿಂತುಹೋಗುತ್ತದೆ. ಇಷ್ಟು ವರ್ಷವಾದರೂ ಅದರಾಚೆ ಒಂದು ಹೆಜ್ಜೆ ಹೋಗಿಲ್ಲ.

ಮೇಜು ಇನ್ನೂ ಇದೆ. ಇದನ್ನು ಬರೆಯುತ್ತಿರುವುದೂ ಅದರ ಮೇಲೆಯೇ. ಬ್ಲಾಟಿಂಗ್ ಕಾಗದ ನಮ್ಮ ಕರಾವಳಿಯ ತೇವಕ್ಕೆ ಕಂದಿಹೋಗಿ ಈಗ ಬೇರೆಯವರಿಗೆ ಬರೀ ಕಲೆಯ ಹಾಗೆ ಕಾಣುತ್ತದೆ. ಆಮೇಲೆ ನಾನು ಇಪ್ಪತ್ತು ವರ್ಷ ಮಾಸ್ತರಿಕೆ ಮಾಡಿದೆ. ಮಕ್ಕಳು 'ಬತ್ತೆ' ಎಂದು ಬರೆದಾಗ ನನ್ನ ಕೈ ಏಳುತ್ತಿರಲಿಲ್ಲ, ಹಾಗೇ ಬಿಟ್ಟುಬಿಡುತ್ತಿದ್ದೆ. ತಪಾಸಣೆಗೆ ಬಂದ ಸಾಹೇಬರು ಅದಕ್ಕಾಗಿ ಎರಡು ಸಲ ನನ್ನನ್ನು ತರಾಟೆಗೆ ತೆಗೆದುಕೊಂಡರು. ತಪ್ಪಾಯಿತು ಎಂದೆ.

ಕೆಲವು ಸಂಜೆ ಕನ್ನಡಿ ತಂದು ಆ ಕಲೆಯ ಎದುರು ಹಿಡಿಯುತ್ತೇನೆ. ಬತ್ತೆ ಎಂದು ಹೇಳಿ ಹೋದವಳು, ನಾನು ಅದನ್ನು ಹೊಡೆದುಹಾಕದೆ ಇದ್ದಿದ್ದರೆ ಬರುತ್ತಿದ್ದಳೋ ಏನೋ. ಇಷ್ಟು ಮಾತ್ರ ಬಲ್ಲೆ: ಬರೆದು ತೋರಿಸು ಎಂದಿದ್ದೆ, ಬರೆದು ತೋರಿಸಿದಳು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.