ವಿಶ್ರಾಮಬಾಗದಲ್ಲಿ ಕೇಳಿದ ನೆಟ್ಟಗಿನ ಸ್ವರ

ಬೆಳಗಾವಿಯಿಂದ ಹೊರಟ ಪ್ಯಾಸೆಂಜರ್ ಗಾಡಿ ಮಿರಜ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ಮೋಡ ಕವಿದು ಸೆಕೆಯಾಗಿತ್ತು, ಮಳೆ ಮಾತ್ರ ಇಲ್ಲ. ತೊಡೆಯ ಮೇಲೆ ಹವಾಯಿಯನ್ ಗಿಟಾರ್ ಮಲಗಿಸಿಕೊಂಡಿದ್ದ ನನ್ನನ್ನು ಎದುರಿನವರು, "ಇದನ್ನ ಎತ್ತಿ ಹಿಡದು ಬಾರಸಂಗಿಲ್ಲೇನ್ರಿ?" ಎಂದು ಕೇಳಿದರು. ಇಲ್ಲ, ಹೀಗೇ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುತ್ತಾರೆ ಎಂದೆ. ಅವರು ಕಿಟಕಿಯ ಕಡೆ ತಿರುಗಿದರು.

ನನಗೆ ಗುರು ಎಂದರೆ ಒಂದು ಕ್ಯಾಸೆಟ್. ಹಳೇ ಹವಾಯಿ ರೆಕಾರ್ಡಿನಿಂದ ಯಾರೋ ತುಂಬಿಸಿದ್ದು, ಕೈಯಿಂದ ಕೈಗೆ ದಾಟಿ ನನ್ನಲ್ಲಿಗೆ ಬಂದಿತ್ತು. ಅದರಲ್ಲಿ ಪ್ರತಿಯೊಂದು ದೀರ್ಘ ಸ್ವರವೂ ಸಣ್ಣಗೆ ನಡುಗುತ್ತದೆ. ಆ ನಡುಕ ಕಲಿಯುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು. ಮನೆಯಲ್ಲಿ ಪಾಠಕ್ಕೆ ಬರುವವರಿಗೂ ಅದನ್ನೇ ಹೇಳಿಕೊಡುತ್ತೇನೆ. ಆದರೂ ಪೂರ್ತಿ ಒಲಿದಿಲ್ಲವೆಂಬ ಕೊರಗು. ಆ ಕ್ಯಾಸೆಟ್ ತುಂಬಿಸಿದವರು ಮಿರಜದ ಹತ್ತಿರದ ವಿಶ್ರಾಮಬಾಗದ ಭೂಪಾಲ ಕಾಕಾ, ಮೂಲ ರೆಕಾರ್ಡು ಇನ್ನೂ ಅವರಲ್ಲಿದೆ ಎಂದು ತಿಳಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ.

ಮಿರಜದಿಂದ ಸಿಟಿ ಬಸ್ಸಿಗೆ ಮೂರು ರೂಪಾಯಿ. ರಸ್ತೆಯುದ್ದಕ್ಕೂ ಎಸ್‌ಟಿಡಿ ಬೂತು, ಅರ್ಧ ಕಟ್ಟಿದ ಅಪಾರ್ಟ್‌ಮೆಂಟು, ಕೀಬೋರ್ಡು ಬಾಡಿಗೆಗೆ ಕೊಡುವ ಅಂಗಡಿ. ಮದುವೆಯ ಆರ್ಕೆಸ್ಟ್ರಾದವರು ನನ್ನಂಥವರನ್ನು ಕರೆಯುವುದು ಬಿಟ್ಟಿದ್ದು ಈ ಡಬ್ಬಿಯಿಂದಲೇ. ಹಾಳಾಗಿ ಹೋಗಲಿ ಎಂದು ಬಾಯಿಬಿಟ್ಟೇ ಬೈದೆ.

ಕಾಕಾ ರೇಲ್ವೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. "ಬರ್ರಿ, ಕುಂದ್ರಿ" ಎಂದು ಚಹಾ, ಖಾರ ಹಚ್ಚಿದ ಚುರುಮುರಿಯ ಭಡಂಗ ಕೊಟ್ಟು ರೆಕಾರ್ಡು ಹಾಕಿದರು. ಸ್ವರ ಎದ್ದಿತು, ಜಾರುತ್ತ ಏರಿತು, ನಿಂತಿತು. ನಡುಗಲಿಲ್ಲ. ಇನ್ನೊಮ್ಮೆ ಹಾಕಿಸಿದೆ. ನೆಟ್ಟಗೆ, ತಿಳಿಯಾಗಿ ನಿಂತೇ ಇತ್ತು.

"ಕಾಕಾ, ಕ್ಯಾಸೆಟ್ಟಿನ್ಯಾಗ ನಡಗತೈತಲ್ರಿ?"

"ಅದಾ? ಆವಾಗ ನಮ್ಮ ಟೇಪಿನ ಬೆಲ್ಟ್ ಸಡ್ಲ ಆಗಿತ್ತು. ಏನ್ ತುಂಬಿದ್ರೂ ಹಂಗ ನಡಗತಿತ್ತು. ಯಾರ್ ಕೇಳ್ತಾರ ಅಂತ ಬಿಟ್ಟೆ." ಕಾಕಾ ನಕ್ಕರು. "ನೀವೊಂದಿಷ್ಟು ಬಾರ್ಸ್ರಿ, ಕೇಳೂಣು."

ಬಾರಿಸಿದೆ. "ಚಲೋ ಐತಿ. ಆದ್ರ ಕೈ ಅಲಗಾಡಸಬ್ಯಾಡ್ರಿ, ಗಟ್ಟಿ ಹಿಡೀರಿ" ಎಂದರು. ಹಿಡಿದೆ. ಕೈ ಮಾತು ಕೇಳಲಿಲ್ಲ. ಕತ್ತಲಾಗುವವರೆಗೆ ಕೂತರೂ ಕೇಳಲಿಲ್ಲ.

ರಾತ್ರಿ ಗಾಡಿಯಲ್ಲಿ ಬಹಳ ದುಃಖವಾಯಿತು. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಆ ಮುದುಕರು ಪ್ರೀತಿಯಿಂದ ಭಡಂಗದ ಪೊಟ್ಟಣ ಬೇರೆ ಕಟ್ಟಿಕೊಟ್ಟಿದ್ದರು.

ಮರುದಿನ ಸಂಜೆ ಪಾಠಕ್ಕೆ ಶಾಂತಾ ಬಂದರು. ಕಚೇರಿ, ಮನೆ ಎರಡನ್ನೂ ತೂಗಿಸಿಕೊಂಡು ವರ್ಷಗಟ್ಟಲೆ ಕಲಿತವರು. ಗಿಟಾರ್ ಮಲಗಿಸಿ ಸ್ವರ ಎತ್ತಿದರು. ಅದು ಸಣ್ಣಗೆ, ಅಚ್ಚುಕಟ್ಟಾಗಿ ನಡುಗಿತು. ನನಗೆ ಎಂದೂ ಅಷ್ಟು ಚೆನ್ನಾಗಿ ಬಂದಿರಲಿಲ್ಲ.

"ಸರ್, ಬಂತಲ್ರೀ?" ಎಂದರು. ಅವರ ಕಣ್ಣಲ್ಲಿ ನೀರು ತುಂಬಿತ್ತು.

"ಬಂತ್ರಿ" ಎಂದೆ.